ಹೆಳವರ ಹೊತ್ತಿಗೆ ಹಿಡಿದು ಹುಳುವಿನ ಲೆಕ್ಕ: ನನ್ನ ಅನುಭವ

ಹೊಟ್ಟೆಹುಳು ಯಾರಿಗೆ ಜಾಸ್ತಿ ಅನ್ನುವುದರಲ್ಲಿ ರಕ್ತಸಂಬಂಧದ ಪಾಲೂ ಇದೆ, ಅದನ್ನು ಗದಗ ಜಿಲ್ಲೆಯಲ್ಲೇ ತೋರಿಸ್ತೀನಿ ಅಂದಾಗ ಹಿರಿಯರೊಬ್ಬರು ಕೇಳಿದ್ದರು: "ಹೆಳವರ ಹೊತ್ತಿಗಿ ಹಿಡ್ಕೊಂಡು ಸಾಯನ್ಸ್ ಮಾಡ್ತೀಯೇನೋ?" ಹೌದು, ಊರೂರು ತಿರುಗಿ ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವ ಹೆಳವರ ಹೊತ್ತಿಗೆ ಹಿಡಿದು ಅದನ್ನೇ ಮಾಡಿದೆ. ಕೆಲಸವೂ ಆಯಿತು.

ದೊಡ್ಡ ತೊಡಕು ವಂಶಾವಳಿಯದೇ. ನೇಪಾಳದ ಜಿರೆಲ್ ಜನರಲ್ಲಿ ದುಂಡುಹುಳುವಿನ ಹೆಚ್ಚುಕಡಿಮೆಗೆ ಶೇ. 30ರಿಂದ 50ರಷ್ಟು ವಂಶವಾಹಿಯೇ ಕಾರಣ ಎಂದು 1999ರಲ್ಲಿ ಹೇಳಲು ಸಾಧ್ಯವಾದದ್ದು, ಸಾವಿರಕ್ಕೂ ಹೆಚ್ಚು ಜನ ಒಂದೇ ವಂಶವೃಕ್ಷದಲ್ಲಿ ಕೂಡಿದ್ದರಿಂದ. ರೋಣದ ಕಡೆ ಪ್ರಶ್ನಾವಳಿ ಹಿಡಿದು ಕೂತರೆ ಮುತ್ತಜ್ಜನ ಹೆಸರಿಗೇ ಮಾತು ನಿಲ್ಲುತ್ತಿತ್ತು. ಕೇಳಿ ಬರೆಯುವ ಹುಡುಗರ ಸಂಬಳಕ್ಕೆ ಸುಮಾರು ನಲವತ್ತು ಸಾವಿರ ಹೋಯಿತು, ಸಿಕ್ಕಿದ್ದು ಬರೀ ತುಂಡು ಕುಟುಂಬಗಳು. ಸುಗ್ಗಿ ಮುಗಿದ ಮೇಲೆ ಬಂದ ಹೆಳವರು ಅದೇ ಮನೆಗಳ ಏಳೆಂಟು ತಲೆಮಾರು ಓದಿ ಹೇಳಿದರು. ಬೇರೆಬೇರೆ ಅಂದುಕೊಂಡಿದ್ದ ಮನೆಗಳು ಎರಡೇ ಬಳ್ಳಿಗೆ ಸೇರಿಕೊಂಡವು! ಅವರಿಗೆ ಕೊಟ್ಟದ್ದು ಒಂದೆರಡು ಚೀಲ ಜೋಳ, ಧೋತರ, ಮೇಲೆ ಐದಾರು ಸಾವಿರ. ನನಗೆ ಸಿಕ್ಕ ಹೊತ್ತಿಗೆಗಳಲ್ಲಿ ಗಂಡುಮಕ್ಕಳ ಹೆಸರೇ ಜಾಸ್ತಿ, ಹೆಣ್ಣಿನ ಕಡೆಯ ಕೊಂಡಿಗೆ ಅಜ್ಜಿಯರೇ ಬೇಕು. ಸೋದರಮಾವನಿಗೆ ಕೊಟ್ಟ ಕಡೆ ಸಂಬಂಧ ಎರಡು ದಾರಿಯಿಂದ ಬರುತ್ತದೆ, ಒಂದು ಬಿಟ್ಟರೂ ಲೆಕ್ಕ ಕೆಡುತ್ತದೆ. ಆ ಅಜ್ಜಿಯರಿಂದ ಮಲದ ಡಬ್ಬಿ ತುಂಬಿಸಿಕೊಂಡ ಉಪಾಯ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಮಲದಲ್ಲಿ ಹುಳುವಿನ ಮೊಟ್ಟೆ ಎಣಿಸುವ ಕಾಟೋ-ಕಾಟ್ಜ್ ಸ್ಲೈಡುಗಳ ಮೊದಲ ಕಂತು ಧಾರವಾಡ ಮುಟ್ಟುವಷ್ಟರಲ್ಲಿ ಹಾಳಾಗಿತ್ತು. ಗ್ಲಿಸರಿನ್‌ನಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಗಂಟೆ ಕಳೆದರೆ ಕಾಣುವುದಿಲ್ಲ. ಹದಿನೆಂಟು ಸಾವಿರದ ಆಸುಪಾಸಿಗೆ ಹಳೆ ಮೈಕ್ರೋಸ್ಕೋಪ್ ಕೊಂಡು ಊರಲ್ಲೇ ಎಣಿಸಿದೆವು. ನಡುವೆ ಕಲ್ಲುಪ್ಪಿನ ಗಟ್ಟಿ ನೀರಲ್ಲಿ ತೇಲಿಸಿಯೂ ನೋಡಿದೆ. ಕೊಕ್ಕೆಹುಳುವಿಗೆ ಸೊಗಸಾಗಿದೆ, ದುಂಡುಹುಳುವಿನ ಫಲವಾಗದ ಮೊಟ್ಟೆ ಮಾತ್ರ ಸರಿಯಾಗಿ ತೇಲುವುದಿಲ್ಲ. ಫೆಬ್ರವರಿ 10ರ ಜಂತುಹುಳು ಮಾತ್ರೆ ಆದ ಹೊಸದರಲ್ಲಿ ಶಾಲೆ ಮಕ್ಕಳನ್ನು ಎಣಿಸಬೇಡಿ, ಎಲ್ಲ ಸೊನ್ನೆ ಬರುತ್ತದೆ.

ಎಣಿಕೆ ಮುಗಿದ ಮೇಲೆ ಎಲ್ಲರಿಗೂ ಹುಳುವಿನ ಮಾತ್ರೆ ಅಲ್ಬೆಂಡಜೋಲ್ 400 ಮಿ.ಗ್ರಾಂ ಕೊಡಿಸಿ, ಮಳೆಗಾಲ ದಾಟಿಸಿ ಮತ್ತೆ ಎಣಿಸಿದೆವು. ಮೊದಲು ತುಂಬಿದ್ದವರಲ್ಲೇ ಬಹುಮಟ್ಟಿಗೆ ಮತ್ತೆ ತುಂಬಿತ್ತು. ಒಂದೇ ಅಂಗಳ ತುಳಿಯುವ ಗಂಡ-ಹೆಂಡಿರಿಗಿಂತ ಬೇರೆ ಓಣಿಗಳಲ್ಲಿರುವ ಅಣ್ಣ-ತಂಗಿಯರ ಎಣಿಕೆ ಒಂದಕ್ಕೊಂದು ಹತ್ತಿರ. ಆ ಹಾಳೆ ಮುಂದಿಟ್ಟಾಗ ಹಿರಿಯರು ಹೊತ್ತಿಗೆಯ ನಕಲು ಕೇಳಿದರು.

ಜಿರೆಲ್ ಜನರಲ್ಲಿ ಈ ಹೆಚ್ಚುಕಡಿಮೆಗೆ ಕಾರಣವಾದ ವಂಶವಾಹಿಗಳ ಜಾಗವಾಗಿ 1 ಮತ್ತು 13ನೇ ಕ್ರೋಮೋಸೋಮ್‌ಗಳ ಸುಳಿವು 2002ರಲ್ಲೇ ಸಿಕ್ಕಿದೆ. ನಮ್ಮ ಬಳ್ಳಿಗಳಲ್ಲೂ ಅಲ್ಲೇ ಹುಡುಕಲು ಎಂಜಲಿನ ಮಾದರಿ ಬೇಕು. ಹಣ ಹೊಂದಿದರೆ ಬರುವ ಸುಗ್ಗಿಗೇ ಶುರು.