ಬಾಗಿಲು ಹಾಕಿಕೊಂಡ ಮಗು: ಪ್ರಶ್ನೆ ನಿಲ್ಲಿಸಿ, ಮಾತು ಶುರು ಮಾಡಿ

ರಾತ್ರಿ ಹನ್ನೊಂದು ಗಂಟೆ. ದಿನವಿಡೀ ಕೋಣೆಯೊಳಗೇ ಇದ್ದ ಹದಿನಾರರ ಹುಡುಗ ನೀರು ಕುಡಿಯಲು ಅಡುಗೆಮನೆಗೆ ಬರುತ್ತಾನೆ. ಅಮ್ಮ ಅಲ್ಲೇ ಇದ್ದಾಳೆ. "ಊಟ ಮಾಡ್ತೀಯಾ? ತಲೆ ಯಾಕೆ ಬಾಚಿಲ್ಲ? ನಾಳೆ ಆದ್ರೂ ಸ್ಕೂಲಿಗೆ ಹೋಗ್ತೀಯಾ?" ಲೋಟ ಅರ್ಧ ತುಂಬುವಷ್ಟರಲ್ಲಿ ಮೂರು ಪ್ರಶ್ನೆ. ಹುಡುಗ ಲೋಟ ಅಲ್ಲೇ ಇಟ್ಟು ವಾಪಸ್ ಹೋಗುತ್ತಾನೆ. ಚಿಲಕ ಬಿದ್ದ ಸದ್ದು.

ಅಮ್ಮ ಕೇಳಿದ್ದರಲ್ಲಿ ಕೆಟ್ಟದ್ದೇನೂ ಇಲ್ಲ. ಬೆಳಗಿನಿಂದ ಮಗನ ಮುಖ ನೋಡಿಲ್ಲ, ಹೊಟ್ಟೆಯೊಳಗಿನ ಸಂಕಟ ಬಾಯಿಗೆ ಬರುವಾಗ ಪ್ರಶ್ನೆಯಾಗಿಯೇ ಬರುತ್ತದೆ. ಆದರೆ ಜನರಿಂದ ದೂರ ಸರಿದ ಮಗುವಿಗೆ ಪ್ರತಿ ಪ್ರಶ್ನೆಯೂ ಒಂದೊಂದು ಪರೀಕ್ಷೆ. ಉತ್ತರ ಕೊಟ್ಟರೆ ಇನ್ನೊಂದು ಪ್ರಶ್ನೆ, ಕೊಡದಿದ್ದರೆ ಬೈಗುಳ. ಇಂಥ ಮಗುವಿಗೆ ಪರ್ಸನಾಲಿಟಿ ಡಿಸಾರ್ಡರ್ ಇದೆ ಎಂದು ವೈದ್ಯರು ಹೇಳಿದ ಮೇಲೆ ಮನೆಯಲ್ಲಿ ಪ್ರಶ್ನೆಗಳು ಇನ್ನೂ ಜಾಸ್ತಿಯಾಗುತ್ತವೆ. ಅವನ್ನು ಕಡಿಮೆ ಮಾಡುವುದು ಹೇಗೆ, ಬದಲಿಗೆ ಏನು ಮಾಡುವುದು ಎಂಬುದೇ ಈ ಲೇಖನ.

ಮೊದಲು, ಆ ಹೆಸರನ್ನು ಬಿಡಿಸಿ ಕೇಳಿ

ಕನ್ನಡದಲ್ಲಿ ಇದನ್ನು 'ವ್ಯಕ್ತಿತ್ವ ದೋಷ' ಎಂದು ಬರೆಯುವುದುಂಟು. ನನಗಂತೂ ಆ ಪದ ಕಂಡರೆ ಆಗುವುದಿಲ್ಲ. 'ನೀನೇ ಸರಿಯಿಲ್ಲ' ಅಂದ ಹಾಗೆ ಕೇಳಿಸುತ್ತದೆ, ಅಲ್ವಾ? ವೈದ್ಯರು ಹೇಳುತ್ತಿರುವುದು ಇಷ್ಟೇ: ಯೋಚಿಸುವ, ಜನರ ಜೊತೆ ಬೆರೆಯುವ, ತನ್ನ ಬಗ್ಗೆ ತಾನು ಅಂದುಕೊಳ್ಳುವ ರೀತಿ ಬಹಳ ದಿನದಿಂದ ಒಂದೇ ಜಾಡಿಗೆ ಬಿದ್ದಿದೆ. ಆ ಜಾಡಿನಿಂದ ಮಗುವಿಗೇ ಕಷ್ಟವಾಗುತ್ತಿದೆ.

ಜಾಡುಗಳು ಬೇರೆ ಬೇರೆ. ಅವಾಯ್ಡೆಂಟ್ ಬಗೆಯ ಮಗುವಿಗೆ ಒಳಗೊಳಗೇ ಗೆಳೆಯರು ಬೇಕು. ಆದರೆ ನಕ್ಕುಬಿಟ್ಟರೆ, ಬೇಡ ಅಂದುಬಿಟ್ಟರೆ ಎಂಬ ಭಯ. ಸ್ಕಿಜಾಯ್ಡ್ ಬಗೆಯಲ್ಲಿ ಒಂಟಿಯಾಗಿರುವುದೇ ಹಿತ. ಹೊಗಳಿದರೂ ಬೈದರೂ ಅಷ್ಟಕ್ಕಷ್ಟೆ. ಸ್ಕಿಜೋಟೈಪಲ್ ಬಗೆಯಲ್ಲಿ ಒಂಟಿತನದ ಜೊತೆಗೆ ಅನುಮಾನ, ಬೇರೆಯವರಿಗೆ ವಿಚಿತ್ರ ಅನ್ನಿಸುವ ನಂಬಿಕೆಗಳು ಇರುತ್ತವೆ. ಬಾರ್ಡರ್‌ಲೈನ್ ಬಗೆಯ ಮಗು ಉಕ್ಕಿ ಉರಿದು, ಜಗಳವಾಡಿ, ಆಮೇಲೆ ನಾಚಿಕೆಯಿಂದ ಬಾಗಿಲು ಹಾಕಿಕೊಳ್ಳಬಹುದು. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ: ಮುಚ್ಚಿದ ಬಾಗಿಲು. ಆದರೆ ಮೊದಲನೆಯ ಮಗುವನ್ನು ಮೆಲ್ಲಗೆ ಕೈಹಿಡಿದು ಹೊರಗೆ ಕರೆತರಬೇಕು. ಎರಡನೆಯ ಮಗುವನ್ನು ಮದುವೆ, ಪಾರ್ಟಿ ಅಂತ ಎಳೆದಾಡಿದರೆ ಹಿಂಸೆ. ಹಾಗಾಗಿ 'ಯಾವ ಬಗೆ?' ಎಂದು ವೈದ್ಯರನ್ನು ಕೇಳದೆ ಮನೆಗೆ ಬರಬೇಡಿ.

ಇನ್ನೊಂದು ಮಾತು. ಈ ಹೆಸರನ್ನು ಮಕ್ಕಳಿಗೆ ಅವಸರದಲ್ಲಿ ಅಂಟಿಸುವಂತಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಮನಸ್ಸಿನ ಕಾಯಿಲೆಗಳನ್ನು ಗುರುತಿಸುವ ಡಿಎಸ್ಎಂ-5 ಕೈಪಿಡಿಯ ಪ್ರಕಾರ, 18 ವರ್ಷದೊಳಗಿನವರಲ್ಲಿ ಲಕ್ಷಣಗಳು ಕನಿಷ್ಠ ಒಂದು ವರ್ಷ ಇದ್ದಿರಬೇಕು. ನಿಯಮಕ್ಕೂ ಬೇರೆಯವರ ನೋವಿಗೂ ಬೆಲೆ ಕೊಡದ ಆಂಟಿಸೋಷಿಯಲ್ ಬಗೆಯನ್ನಂತೂ 18 ತುಂಬುವ ಮೊದಲು ಹೇಳುವಂತೆಯೇ ಇಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿ ಹಳೆಯ ಹೆಸರುಗಳನ್ನು ಹೆಚ್ಚುಕಮ್ಮಿ ಕೈಬಿಟ್ಟಿತು. ತೊಂದರೆ ಸೌಮ್ಯವೋ, ಮಧ್ಯಮವೋ, ತೀವ್ರವೋ ಎಂದು ಮೊದಲು ನೋಡುತ್ತದೆ. ಜನರಿಂದ ದೂರ ಸರಿಯುವುದನ್ನು ಅದು ಒಂದು ಗುಣವಾಗಿ ಗುರುತಿಸುತ್ತದೆ, ಅಷ್ಟೆ. ಒಬ್ಬ ವೈದ್ಯರು ಒಂದು ಹೆಸರು, ಇನ್ನೊಬ್ಬರು ಇನ್ನೊಂದು ಹೇಳಿದರೆ ಗಾಬರಿಯಾಗಬೇಡಿ, ಇದೂ ಒಂದು ಕಾರಣ ಇರಬಹುದು.

ಆರು ತಿಂಗಳ ಹಿಂದೆ ಗೆಳೆಯರ ಜೊತೆ ಓಡಾಡಿಕೊಂಡಿದ್ದ ಮಗು ಇದ್ದಕ್ಕಿದ್ದ ಹಾಗೆ ಕೋಣೆ ಸೇರಿದೆಯಾ? ಹಾಗಿದ್ದರೆ ಅದನ್ನು ವೈದ್ಯರಿಗೆ ಒತ್ತಿ ಹೇಳಿ. ಡಿಪ್ರೆಶನ್, ಶಾಲೆಯಲ್ಲಿ ಯಾರದೋ ಕಾಟ, ಮಾದಕ ವಸ್ತು, ಸೈಕೋಸಿಸ್‌ನ (ಇಲ್ಲದ್ದು ಕೇಳಿಸುವ, ಕಾಣುವ, ನಿಜವೆನ್ನಿಸುವ ಸ್ಥಿತಿ) ಆರಂಭ, ಇವೆಲ್ಲ ಹೀಗೇ ಕಾಣುತ್ತವೆ. ಚಿಕ್ಕಂದಿನಿಂದಲೂ ಹೀಗೇ ಇದ್ದ ಮಗುವಾದರೆ 'ಆಟಿಸಂ ಇದೆಯಾ ಅಂತ ನೋಡಿದ್ದೀರಾ?' ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ವೈದ್ಯರಾದರೆ ಇನ್ನೊಬ್ಬರ ಅಭಿಪ್ರಾಯ ಪಡೆಯುವುದರಲ್ಲಿ ತಪ್ಪಿಲ್ಲ.

ಪ್ರಶ್ನೆಯಿಲ್ಲದೆ ಮಾತಾಡುವುದು

ಅದೇ ಅಡುಗೆಮನೆ, ಇನ್ನೊಂದು ರಾತ್ರಿ. ಅಮ್ಮನ ಕೈಯಲ್ಲಿ ಬಿಚ್ಚಿದ ಟಾರ್ಚ್. ಹುಡುಗ ಬಂದ. ಅವಳು ತಲೆಯೆತ್ತಲಿಲ್ಲ. "ಈ ಸ್ಪ್ರಿಂಗ್ ಯಾಕೋ ಒಳಗೆ ಕೂರ್ತಾನೇ ಇಲ್ಲ" ಅಂದಳು, ಅರ್ಧ ತನಗೇ ಹೇಳಿಕೊಂಡ ಹಾಗೆ. ಹುಡುಗ ನೀರು ಕುಡಿದ. ಲೋಟ ಇಟ್ಟ. ಒಂದು ಗಳಿಗೆ ನಿಂತ. ಆಮೇಲೆ ಟಾರ್ಚ್ ಇಸಕೊಂಡು ಸ್ಪ್ರಿಂಗ್ ತಿರುಗಿಸಿ ಹಾಕಿದ. "ಉಲ್ಟಾ ಹಾಕಿದ್ಯಲ್ಲಮ್ಮ." "ಓ, ಹೌದಾ." ಅಷ್ಟೇ. ಹೋದ. ಅವತ್ತು ಬಾಗಿಲಿಗೆ ಚಿಲಕ ಬಿತ್ತೋ ಇಲ್ಲವೋ ಅಮ್ಮ ಗಮನಿಸಲಿಲ್ಲ. ಎರಡು ವಾರದಲ್ಲಿ ಆ ಮನೆಯಲ್ಲಿ ನಡೆದ ಅತಿ ಉದ್ದದ ಮಾತುಕತೆ ಅದೇ.

ಇದನ್ನು ರೂಢಿ ಮಾಡಿಕೊಳ್ಳುವುದು ಹೀಗೆ. ಒಂದು ದಿನ ನಿಮ್ಮ ಮಾತನ್ನು ನೀವೇ ಎಣಿಸಿ. ಮಗುವಿಗೆ ಹೇಳಿದ್ದರಲ್ಲಿ ಎಷ್ಟು ಪ್ರಶ್ನೆ, ಎಷ್ಟು ಅಪ್ಪಣೆ, ಎಷ್ಟು ಸುಮ್ನೆ ಮಾತು? ಬಹಳ ಜನರಿಗೆ ಮೂರನೆಯ ಸಾಲು ಖಾಲಿ ಇರುತ್ತದೆ. ಮರುದಿನದಿಂದ ಎರಡು ಪ್ರಶ್ನೆ ಕಡಿಮೆ ಮಾಡಿ. "ಊಟ ಮಾಡ್ತೀಯಾ?" ಬದಲು "ಊಟ ಮುಚ್ಚಿಟ್ಟಿದ್ದೀನಿ." "ಯಾಕೆ ಹೀಗಿದ್ದೀಯಾ?" ಬದಲು "ನಾನು ಹಾಲ್‌ನಲ್ಲೇ ಓದ್ತಾ ಇರ್ತೀನಿ." ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಕ್ಕಿಂತ ಪಕ್ಕಪಕ್ಕ ಇರುವಾಗ ಮಾತು ಸಲೀಸು. ಗಾಡಿಯಲ್ಲಿ ಹೋಗುವಾಗ, ಬಟ್ಟೆ ಮಡಚುವಾಗ, ನಾಯಿಯನ್ನು ತಿರುಗಾಡಿಸುವಾಗ. ಉತ್ತರ ಬರದಿದ್ದರೆ ಬೇಜಾರಾಗಬೇಡಿ, ಅದೇ ಮಾತನ್ನು ಜೋರಾಗಿ ಮತ್ತೆ ಹೇಳಬೇಡಿ. ದಿನಕ್ಕೆ ಒಮ್ಮೆ, ಹೆಚ್ಚುಕಮ್ಮಿ ಒಂದೇ ಹೊತ್ತಿಗೆ, ಏನನ್ನೂ ಕೇಳದೆ ಐದು ನಿಮಿಷ ಕಣ್ಣಿಗೆ ಬಿದ್ದರೆ ಸಾಕು. ವಾರಕ್ಕೊಮ್ಮೆ ಎರಡು ಗಂಟೆ ಕೂರಿಸಿ ಬುದ್ಧಿ ಹೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಮಗು ತಾನಾಗಿ ಏನಾದರೂ ಹೇಳಿದಾಗ? "ಕ್ಲಾಸಲ್ಲಿ ಎಲ್ರೂ ನನ್ನನ್ನೇ ನೋಡ್ತಾರೆ" ಅನ್ನುತ್ತದೆ ಅಂದುಕೊಳ್ಳಿ. "ಛೆ, ಯಾರೂ ನೋಡಲ್ಲ, ಎಲ್ಲಾ ನಿನ್ನ ಭ್ರಮೆ" ಅಂದರೆ ಮಾತು ಅಲ್ಲಿಗೆ ಮುಗಿಯಿತು. "ಎಲ್ರೂ ನೋಡ್ತಿದ್ದಾರೆ ಅನ್ಸಿದ್ರೆ ಕೂತ್ಕೊಳೋದೇ ಕಷ್ಟ" ಅನ್ನಿ. ಎಲ್ಲರೂ ನೋಡುತ್ತಾರೆ ಎಂದು ನೀವು ಒಪ್ಪಿಕೊಂಡಂತೆ ಆಗಲಿಲ್ಲ. ಕಷ್ಟವಾಗಿದೆ ಎನ್ನುವುದನ್ನು ಒಪ್ಪಿಕೊಂಡಿರಿ, ಅಷ್ಟೆ. ಈ ಎರಡರ ನಡುವಿನ ಗೆರೆ ತೆಳ್ಳಗಿದೆ, ಮೊದಮೊದಲು ಕೃತಕ ಅನ್ನಿಸುತ್ತದೆ. ಅನ್ನಿಸಲಿ ಬಿಡಿ.

ಒಂದು ಪ್ರಶ್ನೆ ಮಾತ್ರ ನೇರವಾಗಿ ಕೇಳಿ

ಪ್ರಶ್ನೆ ಕಡಿಮೆ ಮಾಡಿ ಎಂದು ಇಷ್ಟು ಹೇಳಿದ ಮೇಲೆ ಇದು ಉಲ್ಟಾ ಅನ್ನಿಸಬಹುದು. ಮೈಮೇಲೆ ಗಾಯ ಕಂಡರೆ, ಸೆಖೆಯಲ್ಲೂ ತುಂಬುತೋಳಿನ ಬಟ್ಟೆಯೇ ಹಾಕುತ್ತಿದ್ದರೆ, ಇಷ್ಟದ ವಸ್ತುಗಳನ್ನೆಲ್ಲ ಹಂಚಿಬಿಡುತ್ತಿದ್ದರೆ, 'ನಾನಿಲ್ಲದಿದ್ರೆ ನಿಮಗೆ ಆರಾಮು' ಅಂದರೆ, ಸುತ್ತಿ ಬಳಸದೆ ಕೇಳಿ: "ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಹಾಗೆ ಆಗುವುದಿಲ್ಲ. ಕೇಳಿಸಿಕೊಂಡ ಮಗುವಿಗೆ ಹಗುರವಾಗುವುದೇ ಜಾಸ್ತಿ.

'ಹೌದು' ಎಂಬ ಉತ್ತರ ಬಂದರೆ ಒಂಟಿಯಾಗಿ ಬಿಡಬೇಡಿ. ತುರ್ತು ಸಹಾಯದ ನಂಬರಿಗೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಮನೆಯಲ್ಲಿರುವ ಮಾತ್ರೆ, ಕೀಟನಾಶಕ, ಬ್ಲೇಡು ಬೀಗದೊಳಗೆ ಇರಲಿ. ಅಜ್ಜ ಅಜ್ಜಿಯ ಬಿಪಿ, ಶುಗರ್ ಮಾತ್ರೆಗಳನ್ನು ಮರೆಯಬೇಡಿ, ಅವು ಯಾವಾಗಲೂ ಟೇಬಲ್ ಮೇಲೇ ಇರುತ್ತವೆ. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. "ಡಾಕ್ಟರಿಗೆ ಹೇಳಲೇಬೇಕು, ನಿನ್ನ ಎದುರಿಗೇ ಹೇಳ್ತೀನಿ" ಅನ್ನಿ.

ಪೂರ್ತಿ ಬಿಡಬೇಡಿ, ತಳ್ಳಲೂ ಬೇಡಿ

ಇದು ಹೆಚ್ಚಾಗಿ ಅವಾಯ್ಡೆಂಟ್ ಬಗೆಯ ಮಕ್ಕಳಿಗೆ ಸೇರಿದ ಮಾತು. ಮಗುವಿನ ಫೋನನ್ನು ನೀವೇ ಎತ್ತಿ ಮಾತಾಡುತ್ತೀರಿ. ಟೀಚರಿಗೆ ಮೆಸೇಜು ನೀವೇ ಕಳಿಸುತ್ತೀರಿ. ನೆಂಟರು ಬಂದರೆ 'ಅವಳಿಗೆ ತಲೆನೋವು' ಎಂದು ನೀವೇ ಸುಳ್ಳು ಹೇಳುತ್ತೀರಿ. ಆ ಕ್ಷಣಕ್ಕೆ ಎಲ್ಲರಿಗೂ ಸಮಾಧಾನ. ಆದರೆ ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಯಾಕೆಂದರೆ ಏನೂ ಆಗುವುದಿಲ್ಲ ಎಂದು ನೋಡುವ ಅವಕಾಶವೇ ಮಗುವಿಗೆ ಸಿಗುವುದಿಲ್ಲ. ಥೆರಪಿಸ್ಟ್ ಜೊತೆ ಕೂತು ಒಂದು ಏಣಿ ಹಾಕಿಕೊಳ್ಳಿ. ಮೊದಲ ಮೆಟ್ಟಿಲು ನಗು ಬರುವಷ್ಟು ಚಿಕ್ಕದಿರಲಿ: ಒಬ್ಬ ಗೆಳತಿಯ ಮೆಸೇಜಿಗೆ ಒಂದು ಸಾಲು ಉತ್ತರ. ಆಮೇಲೆ ಅಂಗಡಿಯಲ್ಲಿ ಅಪ್ಪ ಮಾತಾಡುವಾಗ ಪಕ್ಕದಲ್ಲಿ ನಿಲ್ಲುವುದು. ಆಮೇಲೆ ಬೆಲೆ ತಾನೇ ಕೇಳುವುದು. ಒಂದೇ ಮೆಟ್ಟಿಲನ್ನು ಭಯ ಇಳಿಯುವವರೆಗೆ ಹತ್ತು ಸಲ ಹತ್ತಲಿ. ಯಾವ ಮೆಟ್ಟಿಲು ಎಂದು ಆರಿಸುವುದು ಮಗು, ನೀವಲ್ಲ. ಗೆದ್ದು ಬಂದಾಗ ಊರಿಗೆಲ್ಲ ಫೋನ್ ಮಾಡಿ ಹೇಳಬೇಡಿ. "ಕಷ್ಟ ಇತ್ತು, ಆದ್ರೂ ಹೋಗಿ ಬಂದೆ" ಅಂದರೆ ಸಾಕು.

ಮನೆಯ ನಿಯಮ ಎರಡು ಮೂರಿದ್ದರೆ ಒಳ್ಳೆಯದು. ಹೊಡೆದಾಟ ಇಲ್ಲ, ಒಡೆದು ಹಾಕುವುದಿಲ್ಲ, ರಾತ್ರಿ ಇಂತಿಷ್ಟು ಹೊತ್ತಿಗೆ ಇಂಟರ್‌ನೆಟ್ ಬಂದ್. ಕೋಪದಲ್ಲಿ ಬಾಗಿಲನ್ನೇ ಕಳಚಿಡುವ ಅಪ್ಪಂದಿರಿದ್ದಾರೆ. ಆ ಕೆಲಸ ಮಾತ್ರ ಬೇಡ.

ಮನೆಯ ಕಾವು

1950, 60ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ, ಆಸ್ಪತ್ರೆಯಿಂದ ಮನೆಗೆ ಮರಳಿದ ಸ್ಕಿಜೋಫ್ರೇನಿಯಾ (ಸೈಕೋಸಿಸ್ ಕಾಣಿಸಿಕೊಳ್ಳುವ ಒಂದು ತೀವ್ರ ಮನೋರೋಗ) ರೋಗಿಗಳಲ್ಲಿ ಯಾರಿಗೆ ಕಾಯಿಲೆ ಮರುಕಳಿಸುತ್ತದೆ ಎಂದು ನೋಡುತ್ತಿದ್ದರು. ಬೈಗುಳ, ದ್ವೇಷ, ಅತಿಯಾದ ಆತಂಕ ತುಂಬಿದ ಮನೆಗೆ ಹೋದವರಿಗೆ ಅದು ಹೆಚ್ಚಾಗಿ ಮರುಕಳಿಸುತ್ತಿತ್ತು. ಕಾಯಿಲೆ ಬೇರೆಯಾದರೂ, ಈ ಮೂರರಲ್ಲಿ ಕೊನೆಯದನ್ನು ಗಮನಿಸಿ. ಮಗುವಿನ ಹಿಂದೆ ಹಿಂದೆ ಸುತ್ತುವುದು, ಎದುರಿಗೇ ಅಳುವುದು, 'ನಿನಗೋಸ್ಕರ ನಾನು ಎಲ್ಲಾ ಬಿಟ್ಟೆ' ಅನ್ನುವುದು. ನಮಗದು ಪ್ರೀತಿ. ಮಗುವಿನ ತಲೆಗೆ ಅದು ಭಾರ. ಹಾಗಾಗಿ ನಿಮ್ಮ ವಾಕಿಂಗ್, ನಿಮ್ಮ ನಿದ್ದೆ, ನಿಮ್ಮ ಗೆಳತಿಯರ ಹರಟೆ ನಿಲ್ಲಿಸಬೇಡಿ. ನೆಂಟರಲ್ಲಿ ಒಬ್ಬಿಬ್ಬರಿಗೆ ಮಾತ್ರ ವಿಷಯ ಗೊತ್ತಿರಲಿ, ಅದೂ ಮಗುವನ್ನು ಕೇಳಿ.

ಚಿಕಿತ್ಸೆಯಿಂದ ಏನು ನಿರೀಕ್ಷಿಸಬಹುದು

ಪರ್ಸನಾಲಿಟಿ ಡಿಸಾರ್ಡರಿಗೇ ಎಂದು ಮಾತ್ರೆಯಿಲ್ಲ. ಜೊತೆಗಿರುವ ಡಿಪ್ರೆಶನ್‌ಗೋ ಆತಂಕಕ್ಕೋ ಕೊಡಬಹುದು. ಯಾವ ಮಾತ್ರೆ ಯಾವುದಕ್ಕೆ, ಎಷ್ಟು ದಿನ ಎಂದು ಕೇಳಿ ಬರೆದುಕೊಳ್ಳಿ. ಮುಖ್ಯ ಚಿಕಿತ್ಸೆ ಮಾತಿನದ್ದು, ತಿಂಗಳುಗಟ್ಟಲೆಯದ್ದು. ಬಾರ್ಡರ್‌ಲೈನ್ ಬಗೆಗೆ, ಮೈಮೇಲೆ ಗಾಯ ಮಾಡಿಕೊಳ್ಳುವ ಮಕ್ಕಳಿಗೆ ಉಕ್ಕುವ ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ವಿಧಾನ ಹೆಸರುವಾಸಿ. ಅದನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷ ಲಿನೆಹನ್. ಹದಿನೇಳನೇ ವಯಸ್ಸಿನಲ್ಲಿ ತಾವೇ ಮನೋರೋಗ ಆಸ್ಪತ್ರೆಯಲ್ಲಿದ್ದೆ ಎಂದು 2011ರಲ್ಲಿ ಅವರು ಎಲ್ಲರೆದುರು ಹೇಳಿದರು. ಹದಿಹರೆಯದವರಿಗೆಂದು ಹೊಂದಿಸಿದ ಡಿಬಿಟಿಯಲ್ಲಿ ಅಪ್ಪ ಅಮ್ಮನೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ.

ಹಣೆಬರಹ ಮುಗಿಯಿತು ಎಂದುಕೊಳ್ಳುವವರಿಗೆ ಒಂದು ಲೆಕ್ಕ. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜ಼ನರಿನಿ ಮತ್ತು ಸಂಗಡಿಗರು ಬಾರ್ಡರ್‌ಲೈನ್ ಇದ್ದ 290 ಮಂದಿ ವಯಸ್ಕರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಹತ್ತು ವರ್ಷದೊಳಗೆ ನೂರಕ್ಕೆ 93 ಮಂದಿಯಲ್ಲಿ ಲಕ್ಷಣಗಳು ಕನಿಷ್ಠ ಎರಡು ವರ್ಷ ಆ ಹೆಸರಿಗೆ ಸಲ್ಲದಷ್ಟು ಇಳಿದಿದ್ದವು. ಅದರ ಜೊತೆಗೆ ಕೆಲಸ, ಸಂಬಂಧ ಎರಡೂ ಹಳಿಗೆ ಬಂದವರು ಅರ್ಧದಷ್ಟು. ಬೇರೆ ಬಗೆಗಳಿಗೆ ಈ ಲೆಕ್ಕವನ್ನು ಹಾಗೇ ಅಂಟಿಸಲಾಗದು.

ಮಗು ಥೆರಪಿಗೆ ಬರುವುದೇ ಇಲ್ಲ ಅಂದರೆ? ನೀವೇ ಹೋಗಿ. ಹೋಗುವಾಗ ಒಂದು ಹಾಳೆ ಒಯ್ಯಿರಿ: ಮಲಗುವ ಏಳುವ ಹೊತ್ತು, ಊಟ, ಕೋಣೆಯಿಂದ ಹೊರಗೆ ಬಂದ ಸಲಗಳು, ಹೇಳಿದ ಒಂದೆರಡು ಮಾತು. ಹೊರಡುವ ಮುಂಚೆ ಬಾಗಿಲ ಹೊರಗಿನಿಂದ ಹೇಳಿ ಹೋಗಿ: "ಡಾಕ್ಟರ ಹತ್ರ ಹೋಗ್ತಿದ್ದೀನಿ. ನಾನು ಹೇಗೆ ನಡ್ಕೋಬೇಕು ಅಂತ ಕೇಳೋಕೆ. ಆರು ಗಂಟೆಗೆ ಬರ್ತೀನಿ." ಆರು ಗಂಟೆಗೇ ಬನ್ನಿ.