1.732 ಎಲ್ಲಿಂದ ಬಂತು: ಘಾತಾಂಕ ಮತ್ತು ಕರಣಿ ನಾನು ಕಲಿತ ಬಗೆ

ನಾನು ಎಲೆಕ್ಟ್ರಿಷಿಯನ್. ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐ ಮಾಡಿ, ಬೆಂಗಳೂರಿನ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾನಲ್ ವೈರಿಂಗ್ ಕೆಲಸಕ್ಕೆ ಸೇರಿದೆ. ಒಂಬತ್ತು ವರ್ಷ 1.732 ಅನ್ನುವ ಸಂಖ್ಯೆಯನ್ನು ದಿನಾ ಬಳಸಿದ್ದೇನೆ. ಮೂರು ಫೇಸ್‌ನ ಲೈನಿನಲ್ಲಿ ಫೇಸ್ (ಕರೆಂಟ್ ಬರುವ ತಂತಿ) ಮತ್ತು ನ್ಯೂಟ್ರಲ್ (ವಾಪಸ್ ಹೋಗುವ ತಂತಿ) ನಡುವೆ 240 ವೋಲ್ಟ್ ಇದ್ದರೆ ಎರಡು ಫೇಸ್‌ಗಳ ನಡುವೆ 415. 240ನ್ನು 1.732ರಿಂದ ಗುಣಿಸಿದರೆ ಆಯಿತು. ಮೋಟಾರಿನ ಕರೆಂಟ್ ಲೆಕ್ಕಕ್ಕೂ ಅದೇ. ಅದು √3 ಅಂತ ಗೊತ್ತಿತ್ತು. √3 ಯಾಕೆ ಅಲ್ಲಿ ಬಂತು ಅಂತ ಮಾತ್ರ ಗೊತ್ತಿರಲಿಲ್ಲ, ಕೇಳಿದರೆ ಹೇಳುವವರೂ ಇರಲಿಲ್ಲ.

ಆಮೇಲೆ ಸಂಜೆ ಡಿಪ್ಲೊಮಾಗೆ ಸೇರಿದೆ. ಗಣಿತದ ಮೊದಲ ವಾರವೇ ಬೋರ್ಡಿನ ಮೇಲೆ ಈ ಲೆಕ್ಕ ಬಂತು: √75 − √12 + √27, ಸುಲಭ ರೂಪಕ್ಕೆ ತನ್ನಿ. ನಾನು ಒಳಗಿನ ಸಂಖ್ಯೆಗಳನ್ನೇ ಕಳೆದು ಕೂಡಿ √90 ಅಂತ ಬರೆದೆ. ಉತ್ತರ 6√3 ಅಂತ ಮೇಷ್ಟ್ರು ಹೇಳಿದರು. ಯಾಕೆ ಅಂತ ಹೇಳುವಷ್ಟರಲ್ಲಿ ಮುಂದಿನ ಲೆಕ್ಕ ಶುರುವಾಗಿತ್ತು. ಬಸ್ಸಿನಲ್ಲಿ ಕೂತು ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದೆ. √75 ಅಂದರೆ 8.660, √12 ಅಂದರೆ 3.464, √27 ಅಂದರೆ 5.196. ಕಳೆದು ಕೂಡಿದರೆ 10.392. ನನ್ನ √90 ಕೊಡುವುದು 9.487. ಆರು ಸಲ 1.732 ಸರಿಯಾಗಿ 10.392.

ನನಗೆ ದಾರಿ ಸಿಕ್ಕಿದ್ದು ಆ ಬಸ್ಸಿನಲ್ಲೇ. ಸುಲಭ ರೂಪಕ್ಕೆ ತರುವುದು ಅಂದರೆ ಬೆಲೆ ಬದಲಾಗಬಾರದು, ಬರವಣಿಗೆ ಮಾತ್ರ ಬದಲಾಗಬೇಕು. ಇಷ್ಟನ್ನು ಶಾಲೆಯಲ್ಲಿ ಯಾರೂ ನನಗೆ ಬಾಯಿಬಿಟ್ಟು ಹೇಳಿರಲಿಲ್ಲ. ಬೆಲೆ ಬದಲಾಗಬಾರದು ಅಂದ ಮೇಲೆ ಪ್ರತಿ ಹೆಜ್ಜೆಯನ್ನೂ ಸಂಖ್ಯೆ ಹಾಕಿ ಪರೀಕ್ಷೆ ಮಾಡಬಹುದು, ಮೀಟರ್ ಹಿಡಿದು ವೈರ್ ಚೆಕ್ ಮಾಡುವ ಹಾಗೆ.

ಎಂಟನೇ ತರಗತಿಯ ಪುಸ್ತಕ ತಂದು ಘಾತಾಂಕದಿಂದ, ಅಂದರೆ ಒಂದು ಸಂಖ್ಯೆಯನ್ನು ಎಷ್ಟು ಸಲ ಗುಣಿಸಬೇಕು ಅಂತ ಅದರ ತಲೆಯ ಮೇಲೆ ಬರೆಯುವ ಸಣ್ಣ ಅಂಕಿಯಿಂದ ಶುರು ಮಾಡಿದೆ. ನಿಯಮಗಳನ್ನು ಬಾಯಿಪಾಠ ಮಾಡಲಿಲ್ಲ. ಪ್ರತಿಯೊಂದನ್ನೂ ಬಿಡಿಸಿ ಬರೆದೆ. ಅ³ × ಅ² ಅಂದರೆ (ಅ×ಅ×ಅ) × (ಅ×ಅ). ಎಣಿಸಿದರೆ ಐದು ಅ, ಹಾಗಾಗಿ ಅ⁵. (ಅ³)² ಅಂದರೆ ಅ³ ಎರಡು ಸಲ, ಒಟ್ಟು ಆರು, ಅ⁶. ಯಾವಾಗ ಕೂಡಬೇಕು ಯಾವಾಗ ಗುಣಿಸಬೇಕು ಅನ್ನುವ ಗೊಂದಲ ನನ್ನನ್ನು ಶಾಲೆಯಿಂದಲೂ ಕಾಡಿತ್ತು, ಬಿಡಿಸಿ ಬರೆದ ಎರಡು ಮೂರು ದಿನಕ್ಕೆ ಅದು ಹೋಯಿತು, ಯಾಕೆಂದರೆ ಮರೆತರೂ ಎಣಿಸಬಹುದು. (3ಅ²)² ಬಂದಾಗ ಹಳೆಯ ಕೈ 3ಅ⁴ ಅಂತ ಬರೆಯಲು ಹೋಗುತ್ತಿತ್ತು. ಬಿಡಿಸಿದರೆ ಎರಡು 3 ಕಣ್ಣಿಗೇ ಕಾಣುತ್ತವೆ: 9ಅ⁴.

ಸೊನ್ನೆ ಮತ್ತು ಋಣ ಘಾತಾಂಕಕ್ಕೆ ಬಿಡಿಸಿ ಬರೆಯುವುದು ನಡೆಯಲ್ಲ. ಸೊನ್ನೆ ಸಲ ಹೇಗೆ ಬರೆಯುವುದು? ಅದಕ್ಕೆ ಒಂದು ಏಣಿ ಬರೆದುಕೊಂಡೆ. 2⁵ ಅಂದರೆ 32, 2⁴ ಅಂದರೆ 16, ಆಮೇಲೆ 8, 4, 2. ಒಂದು ಮೆಟ್ಟಿಲು ಇಳಿದರೆ ಎರಡರಿಂದ ಭಾಗ. 2¹ರ ಕೆಳಗೆ 2⁰, ಅಲ್ಲಿ 1 ಬರಲೇಬೇಕು. ಇನ್ನೂ ಇಳಿದರೆ 2⁻¹ ಅಂದರೆ 1/2, 2⁻² ಅಂದರೆ 1/4. ಋಣ ಘಾತಾಂಕ ಅಂದರೆ ಋಣ ಸಂಖ್ಯೆ ಅಲ್ಲ, ಅದು ಛೇದಕ್ಕೆ ಇಳಿದಿದೆ ಅಷ್ಟೇ. ಒಂದು ಸಣ್ಣ ವಿಷಯ: −3² ಅಂದರೆ −9, (−3)² ಅಂದರೆ 9. ಆವರಣ ಇಲ್ಲದಿದ್ದರೆ ವರ್ಗ ಸೇರುವುದು 3ಕ್ಕೆ ಮಾತ್ರ. ಇದರಲ್ಲಿ ನಾನು ಜಾಸ್ತಿ ಅಂಕ ಕಳೆದುಕೊಂಡಿದ್ದೇನೆ.

ಆಮೇಲೆ ಕರಣಿ, ಅಂದರೆ √3ರ ಹಾಗೆ ಮೂಲದ ಚಿಹ್ನೆ ಹೊತ್ತ ಸಂಖ್ಯೆಗಳು. ಈ ಪದದ ಬಗ್ಗೆ ಓದಿದಾಗ ನನಗೆ ತುಂಬಾ ಸಂತೋಷವಾಯಿತು. ಶುಲ್ಬಸೂತ್ರಗಳು ಅನ್ನುವ ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಯಜ್ಞವೇದಿಗೆ ಹಗ್ಗ ಹಿಡಿದು ಅಳೆಯುವವರು, ಒಂದು ಚೌಕದ ಎರಡು ಪಟ್ಟು ವಿಸ್ತೀರ್ಣದ ಚೌಕ ಬೇಕಾದರೆ ಅದರ ಬಾಹುವನ್ನು ದ್ವಿಕರಣಿ ಅಂತಿದ್ದರು, ಮೂರು ಪಟ್ಟು ಬೇಕಾದರೆ ತ್ರಿಕರಣಿ. ನನ್ನ 1.732 ಆ ತ್ರಿಕರಣಿಯೇ.

√72 ತೆಗೆದುಕೊಳ್ಳಿ. 72ನ್ನು ಅವಿಭಾಜ್ಯ ಅಪವರ್ತನ ಮಾಡಿದರೆ 2×2×2×3×3. ಜೋಡಿ ಸಿಕ್ಕವರು ಒಬ್ಬರಾಗಿ ಹೊರಗೆ ಬರುತ್ತಾರೆ, ಒಂಟಿ ಒಳಗೇ ಉಳಿಯುತ್ತದೆ. ಒಂದು ಜೋಡಿ 2, ಒಂದು ಜೋಡಿ 3 ಹೊರಗೆ, ಒಂದು 2 ಒಳಗೆ: 6√2. ಅಕ್ಷರಕ್ಕೂ ಅದೇ ಕ್ರಮ. √(50ಅ⁵)ದಲ್ಲಿ ಎರಡು 5 ಒಂದು ಜೋಡಿ, ಐದು ಅ ಅಂದರೆ ಎರಡು ಜೋಡಿ ಮತ್ತು ಒಂದು ಒಂಟಿ, ಉತ್ತರ 5ಅ²√(2ಅ). ಮೊದಲ ದಿನದ ಲೆಕ್ಕವೂ ಹೀಗೇ ತೆರೆಯಿತು. √75 ಅಂದರೆ 5√3, √12 ಅಂದರೆ 2√3, √27 ಅಂದರೆ 3√3. ಎಲ್ಲವೂ √3ರ ಜಾತಿ, ಹಾಗಾಗಿ 5 − 2 + 3. ಐದು ಮೀಟರ್ ಕೇಬಲ್‌ನಿಂದ ಎರಡು ಮೀಟರ್ ಕತ್ತರಿಸಿ ಮೂರು ಸೇರಿಸಿದ ಹಾಗೆ. √2 ಮತ್ತು √3 ಹೀಗೆ ಸೇರುವುದಿಲ್ಲ, ಅವುಗಳನ್ನು ಇದ್ದ ಹಾಗೇ ಬಿಡಬೇಕು.

ಎಲ್ಲರೂ ಮಾಡುವ ತಪ್ಪೊಂದಿದೆ: √(ಅ² + ಬ²) ಅಂದರೆ ಅ + ಬ ಅಂತ ಬರೆಯುವುದು. ಇದನ್ನು ನನ್ನ ತಲೆಯಿಂದ ತೆಗೆದಿದ್ದು ನಮ್ಮ ಊರಿನ ಗಾರೆ ಕೆಲಸದವರು. ಪಾಯ ಹಾಕುವಾಗ ಮೂಲೆ ಸರಿಯಾಗಿದೆಯಾ ಅಂತ ನೋಡಲು ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಅಡ್ಡ ದಾರ 5 ಅಡಿ ಬರುತ್ತಾ ಅಂತ ಅಳೆಯುತ್ತಾರೆ. √(9 + 16) ಅಂದರೆ √25, ಅಂದರೆ 5. ನನ್ನ ತಪ್ಪು ನಿಯಮದ ಪ್ರಕಾರ 7 ಬರಬೇಕಿತ್ತು! 7 ಅಡಿ ಬಂದರೆ ಎರಡು ಗೋಡೆಯೂ ಒಂದೇ ಗೆರೆಯಲ್ಲಿ ಮಲಗಿರುತ್ತವೆ, ಮೂಲೆಯೇ ಇರುವುದಿಲ್ಲ. ವಿದ್ಯುತ್ತಿನಲ್ಲೂ ಹಾಗೇ: 3 ಓಮ್ ರೆಸಿಸ್ಟೆನ್ಸ್‌ಗೆ (ತಂತಿಯ ತಡೆ) 4 ಓಮ್ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ಕಾಯಿಲ್ ಒಡ್ಡುವ ತಡೆ) ಸರಣಿಯಲ್ಲಿ ಸೇರಿದರೆ ಇಂಪೀಡೆನ್ಸ್, ಅಂದರೆ ಒಟ್ಟು ತಡೆ, 5 ಓಮ್.

√(ಅ²) ಕೂಡ ಸುಮ್ನೆ ಅ ಅಲ್ಲ. ಅ = −5 ಆದರೆ ವರ್ಗ 25, ಅದರ ಮೂಲ 5, −5 ಅಲ್ಲ. ಹಾಗಾಗಿ ಉತ್ತರ |ಅ|, ಅಂದರೆ ಋಣ ಚಿಹ್ನೆ ಬಿಟ್ಟು ಉಳಿಯುವ ಬೆಲೆ. ಒಳಗೇ ಋಣ ಸಂಖ್ಯೆ ಇದ್ದರೆ? ನಮ್ಮ ಗಣಿತಜ್ಞ ಮಹಾವೀರಾಚಾರ್ಯ, ನೃಪತುಂಗನ ಕಾಲದವನು, 9ನೇ ಶತಮಾನದಲ್ಲೇ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಹೇಳಿದ್ದಾನೆ, ಯಾಕೆಂದರೆ ಅದು ಯಾವುದರ ವರ್ಗವೂ ಅಲ್ಲ. ನಮಗೆ ಗೊತ್ತಿರುವ ಸಂಖ್ಯೆಗಳ ಮಟ್ಟಿಗೆ ಅದು ಪೂರ್ತಿ ಸರಿ.

ನನಗೆ ಜಾಸ್ತಿ ಹಿಡಿಸಿದ್ದು ಭಿನ್ನ ಘಾತಾಂಕ. √ಅ × √ಅ = ಅ. ಕೂಡುವ ನಿಯಮ ಇಲ್ಲೂ ನಿಲ್ಲಬೇಕಾದರೆ √ಅ ಅನ್ನುವುದರ ಘಾತಾಂಕ ಎಷ್ಟಿರಬೇಕು? ಎರಡು ಸಲ ಕೂಡಿದರೆ 1 ಬರಬೇಕು, ಅಂದರೆ 1/2. ಇದು ತಲೆಗೆ ಹೋದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಕರಣಿ ಬೇರೆ ಪಾಠ, ಘಾತಾಂಕ ಬೇರೆ ಪಾಠ ಅಂತ ಅಂದುಕೊಂಡಿದ್ದೆ, ಎರಡೂ ಒಂದೇ ಪಾಠ. ಘನಮೂಲ ಅಂದರೆ 1/3. ಹಾಗಾದರೆ ಅ ಅನ್ನುವುದರ ವರ್ಗಮೂಲವನ್ನು ಅದರದೇ ಘನಮೂಲದಿಂದ ಗುಣಿಸಿದರೆ 1/2 + 1/3, ಅಂದರೆ ಘಾತಾಂಕ 5/6. ಕರಣಿ ಚಿಹ್ನೆ ಇಟ್ಟುಕೊಂಡು ಇದನ್ನು ಮಾಡಲು ಹೋಗಿ, ಕಷ್ಟ ಗೊತ್ತಾಗುತ್ತದೆ. 27ರ ಘಾತಾಂಕ 2/3 ಬಂದರೆ ಮೊದಲು ಮೂಲ ತೆಗೆದು 3, ಆಮೇಲೆ ವರ್ಗ 9. ಮೊದಲು ವರ್ಗ ಮಾಡಿದರೆ 729ರ ಘನಮೂಲ ಹುಡುಕಬೇಕು. ಉತ್ತರ ಒಂದೇ, ಆದರೆ ಸುಮ್ನೆ ಯಾಕೆ ಕಷ್ಟ?

ಪರೀಕ್ಷೆಗೆ ಬಂದಿದ್ದು ಇಂಥದ್ದು: (16ಅ⁸ಬ⁻⁴), ಇಡೀ ಆವರಣದ ಮೇಲೆ ಘಾತಾಂಕ 3/4. 16ರ ನಾಲ್ಕನೇ ಮೂಲ 2, ಅದರ ಘನ 8. ಅ ಮೇಲಿನ ಘಾತಾಂಕ 8 × 3/4 = 6. ಬ ಮೇಲಿನ ಘಾತಾಂಕ −4 × 3/4 = −3. ಅ, ಬ ಎರಡೂ ಧನ ಸಂಖ್ಯೆ ಅಂತ ಕೊಟ್ಟಿದ್ದರು, ಹಾಗಾಗಿ ಉತ್ತರ 8ಅ⁶/ಬ³. ಎರಡು ನಿಮಿಷವೂ ಹಿಡಿಯಲಿಲ್ಲ.

ಛೇದದಲ್ಲಿ ಕರಣಿ ಇಡಬಾರದು ಅನ್ನುವ ನಿಯಮ ನನಗೆ ಮೊದಲು ಬರೀ ಶಿಸ್ತು ಅನ್ನಿಸಿತ್ತು. ಕ್ಯಾಲ್ಕುಲೇಟರ್ ಇಲ್ಲದೆ 1ನ್ನು 1.732ರಿಂದ ಭಾಗಿಸಿ ನೋಡಿ. ಮೇಲೆ ಕೆಳಗೆ √3ರಿಂದ ಗುಣಿಸಿದರೆ √3/3 ಆಗುತ್ತದೆ, 1.732ನ್ನು 3ರಿಂದ ಭಾಗಿಸುವುದು ಬಾಯಿಲೆಕ್ಕ: 0.577. ಛೇದದಲ್ಲಿ √5 − √2 ಇದ್ದರೆ √5 + √2ರಿಂದ ಗುಣಿಸಬೇಕು, ಆಗ ಛೇದ 5 − 2, ಅಂದರೆ 3.

ಪರೀಕ್ಷೆ ಮಾಡಲು ಯಾವ ಸಂಖ್ಯೆ ಹಾಕಬೇಕು ಅನ್ನುವುದೂ ಮುಖ್ಯ. 1 ಹಾಕಬೇಡಿ, 0 ಹಾಕಬೇಡಿ. 1ರ ಯಾವ ಘಾತವೂ 1, ತಪ್ಪು ಉತ್ತರವೂ ಸರಿ ಅನ್ನಿಸುತ್ತದೆ. 2 ಕೂಡ ಮೋಸ ಮಾಡುತ್ತದೆ, ಯಾಕೆಂದರೆ 2 + 2 ಮತ್ತು 2 × 2 ಎರಡೂ 4. ನಾನು 3 ಅಥವಾ 5 ಹಾಕುತ್ತೇನೆ. ಸಂಖ್ಯೆ ಹಾಕಿದಾಗ ಎರಡು ಕಡೆಯೂ ಹೊಂದಿದರೆ ಅದು ಪೂರ್ತಿ ಸಾಧನೆ ಆಗುವುದಿಲ್ಲ. ಹೊಂದದಿದ್ದರೆ ಮಾತ್ರ ಖಂಡಿತ ತಪ್ಪಿದೆ.

ಕಳೆದ ತಿಂಗಳು ಹೊಸದಾಗಿ ಬಂದ ಹೆಲ್ಪರ್ ಹುಡುಗ, ಸಾರ್ 1.732 ಎಲ್ಲಿಂದ ಬಂತು ಅಂತ ಕೇಳಿದ. ರಟ್ಟಿನ ಡಬ್ಬದ ಮೇಲೆ ಮಾರ್ಕರ್‌ನಲ್ಲಿ ಒಂದೇ ಬಿಂದುವಿನಿಂದ ಎರಡು ಗೆರೆ ಎಳೆದೆ, ಎರಡೂ ಒಂದೇ ಉದ್ದ, ಉದ್ದಕ್ಕೆ (ಫೇಸ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜ್) ವಿ ಅಂತ ಹೆಸರು, ನಡುವೆ 120 ಡಿಗ್ರಿ, ಯಾಕೆಂದರೆ ಫೇಸ್‌ಗಳು ಅಷ್ಟು ದೂರ ಇರುತ್ತವೆ. ಎರಡು ತುದಿಗಳ ನಡುವಿನ ದೂರವೇ ಲೈನ್ ವೋಲ್ಟೇಜ್, ಅಂದರೆ ಎರಡು ಫೇಸ್‌ಗಳ ನಡುವಿನದು. ತ್ರಿಕೋನದ ಕೊಸೈನ್ (ಕಾಸ್) ನಿಯಮದ ಪ್ರಕಾರ ಅದರ ವರ್ಗ ವಿ² + ವಿ² − 2ವಿ² × ಕಾಸ್ 120. ಕಾಸ್ 120 ಅಂದರೆ −1/2, ಹಾಗಾಗಿ ಕೊನೆಯದು + ವಿ² ಆಗುತ್ತದೆ. ಒಟ್ಟು 3ವಿ². ಈಗ √(3ವಿ²). ವಿ ಜೋಡಿ ಇದೆ, ಹೊರಗೆ ಬರುತ್ತದೆ, 3 ಒಂಟಿ, ಒಳಗೇ ಉಳಿಯುತ್ತದೆ: ವಿ√3. ಹುಡುಗ ಸ್ವಲ್ಪ ಹೊತ್ತು ಡಬ್ಬವನ್ನೇ ನೋಡಿದ. ಆಮೇಲೆ ಫೋನ್ ತೆಗೆದು 240 ಗುಣಿಸು 1.732 ಒತ್ತಿದ. 415.68 ಬಂತು. ಮೀಟರ್ ಕೈಗೆ ತಗೊಂಡು ಪ್ಯಾನಲ್ ಹತ್ತಿರ ಹೋದ.