ಎನ್‌ಡುಟುನಲ್ಲಿ ವೈಲ್ಡ್‌ಬೀಸ್ಟ್ ಕರು ಹಾಕೋದು ನೋಡೋಕೆ ಹೋಗ್ತಿದ್ದೀರಾ? ಮೊದಲು ಗಾಡಿ ನಿಲ್ಲಿಸೋದು ಕಲೀರಿ

ತಾಂಜಾನಿಯಾಗೆ ಹೋಗಿ ಬಂದೋರು ಕೆಲವರು ಒಂದು ಫೋಟೋ ತೋರಿಸ್ತಾರೆ, ಈಗಷ್ಟೇ ಹುಟ್ಟಿದ ವೈಲ್ಡ್‌ಬೀಸ್ಟ್ (ಹಿಂಡುಹಿಂಡಾಗಿ ತಿರುಗೋ ಆಫ್ರಿಕಾದ ದೊಡ್ಡ ಹುಲ್ಲೆ) ಕರು ಸಫಾರಿ ಜೀಪಿನ ಚಕ್ರದ ಪಕ್ಕ ಒಂದೇ ನಿಂತಿರುತ್ತೆ, ನೋಡಿದವರೆಲ್ಲ ಎಷ್ಟು ಮುದ್ದು ಅಂತಾರೆ. ನಂಗೆ ಮಾತ್ರ ಹೊಟ್ಟೆ ಕಿವುಚಿದ ಹಾಗಾಗುತ್ತೆ, ಯಾಕಂದ್ರೆ ಅಷ್ಟು ಎಳೇ ಕರು ತಾಯಿನ ಬಿಟ್ಟು ಗಾಡಿ ಹತ್ರ ಬಂತು ಅಂದ್ರೆ ದಾರಿ ತಪ್ಪಿದೆ ಅಂತಲೇ ಅರ್ಥ.

ಹೋಗೋದು ಫೆಬ್ರವರಿಲೇ. ಜನವರಿ ಕೊನೆಯಿಂದ ಮಾರ್ಚ್‌ವರೆಗೂ ಕರು ಹಾಕ್ತವೆ, ಆದ್ರೆ ಹೆಚ್ಚಿನವು ಎರಡು ಮೂರು ವಾರದಲ್ಲೇ ಹುಟ್ಟಿಬಿಡ್ತವೆ, ಒಂದೇ ಸಲ ಲಕ್ಷಗಟ್ಟಲೆ ಕರು ಬಂದ್ರೆ ಕತ್ತೆಕಿರುಬ ಸಿಂಹ ಎಷ್ಟಂತ ತಿಂತಾವೆ. ಜಾಗ ತಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲಿನ ದಕ್ಷಿಣ ತುದಿ, ಎನ್‌ಡುಟು ಸುತ್ತಮುತ್ತ. ಜ್ವಾಲಾಮುಖಿ ಬೂದಿ ಬಿದ್ದ ನೆಲ ಅದು, ಅಲ್ಲಿನ ಗಿಡ್ಡ ಹುಲ್ಲಲ್ಲಿ ಕ್ಯಾಲ್ಸಿಯಂ, ರಂಜಕ ಚೆನ್ನಾಗಿರುತ್ತೆ, ಹಾಲೂಡೋ ತಾಯಿಗೆ ಅದೇ ಬೇಕು. ಹಿಂಡು ಮಾರಾ ನದಿ ದಾಟೋ ಫೋಟೋ ಹಾಕಿ ಫೆಬ್ರವರಿ ಪ್ಯಾಕೇಜ್ ಮಾರೋರನ್ನ ನಂಬಬೇಡಿ, ಅದು ಜುಲೈ ಆದ್ಮೇಲೆ ಉತ್ತರದಲ್ಲಿ ಆಗೋದು. ರೂಮು ಸೆರೆಂಗೆಟಿ ಮಧ್ಯದಲ್ಲಿರೋ ಸೆರೊನೆರಾದಲ್ಲಿ ಕೊಟ್ರೂ ಬೇಡ ಅನ್ನಿ, ಬೆಳಗಿನ ಹೊತ್ತೆಲ್ಲ ರಸ್ತೆಲೇ ಕಳೆದುಹೋಗುತ್ತೆ. ಕನಿಷ್ಠ ಮೂರು ರಾತ್ರಿ ಎನ್‌ಡುಟುನಲ್ಲೇ ಇರಿ.

ಯೆಲ್ಲೋ ಫೀವರ್ ಲಸಿಕೆ ಹೊರಡೋಕೆ ಹತ್ತು ದಿನ ಮುಂಚೆನೇ ಆಗಿರಲಿ. ಪ್ಲಾಸ್ಟಿಕ್ ಕವರ್ ಒಯ್ಯಬೇಡಿ, 2019ರಿಂದ ಅಲ್ಲಿ ನಿಷೇಧ. ಕಡುನೀಲಿ, ಕಪ್ಪು ಬಟ್ಟೆಗೆ ಕಚ್ಚೋ ತ್ಸೆ ತ್ಸೆ ನೊಣ ಮುತ್ಕೊಳ್ಳುತ್ತೆ. ಬೈನಾಕ್ಯುಲರ್ 8x42 ಸಾಕು, ಮೊಬೈಲ್‌ಗೆ ಸಿಗಿಸೋ ಅಗ್ಗದ ಜೂಮ್ ಲೆನ್ಸ್‌ಗೆ ಒಂದು ರೂಪಾಯಿನೂ ಹಾಕಬೇಡಿ. ಕ್ಯಾಮೆರಾ ಇಡೋಕೆ ಇಲ್ಲಿಂದ ಖಾಲಿ ಬಟ್ಟೆ ಚೀಲ ಒಯ್ದು ಸಫಾರಿ ಹೊರಡೋ ಊರು ಅರುಷಾದ ಮಾರ್ಕೆಟ್‌ನಲ್ಲಿ ಎರಡು ಕೆಜಿ ಹುರುಳಿಕಾಯಿ ಬೀಜ ತುಂಬಿಸ್ಕೊಳ್ಳಿ, ಟ್ರೈಪಾಡ್‌ಗಿಂತ ಎಷ್ಟೋ ವಾಸಿ.

ಈಗ ನಿಜವಾದ ಕೆಲಸ. ಹೆಚ್ಚಿನ ಕರು ಹುಟ್ಟೋದು ಮಧ್ಯಾಹ್ನದ ಒಳಗೆ, ಹಾಗಾಗಿ ತಿಂಡಿ ಕಟ್ಟಿಸ್ಕೊಂಡು ಬೆಳಕು ಹರಿಯುವಾಗಲೇ ಹೊರಡಿ. ಹಿಂಡಲ್ಲಿ ಒಂದು ಹೆಣ್ಣು ಮಲಗೋದು ಏಳೋದು ಮಾಡ್ತಿದ್ಯಾ, ಬಾಲ ಎತ್ತಿಕೊಂಡೇ ಇದ್ಯಾ ನೋಡಿ. ಹಸು ಕರು ಹಾಕೋದು ನೋಡಿದೋರಿಗೆ ತಕ್ಷಣ ಗೊತ್ತಾಗುತ್ತೆ, ನೀರಿನ ಚೀಲ, ಆಮೇಲೆ ಎರಡು ಗೊರಸು. ಇಲ್ಲೇ ಎಲ್ಲರೂ ಕೆಡಿಸೋದು. ಎನ್‌ಡುಟು ಭಾಗದಲ್ಲಿ ರಸ್ತೆ ಬಿಟ್ಟು ಗಾಡಿ ಓಡಿಸೋಕೆ ಬಿಡ್ತಾರೆ ಅಂತ ಡ್ರೈವರ್ ಹತ್ತಿರ ಹತ್ತಿರ ಹೋಗ್ತಾನೆ, ನಾವೂ ಇನ್ನೂ ಸ್ವಲ್ಪ ಅಂತೀವಿ, ಗಾಬರಿಗೆ ತಾಯಿ ಎದ್ದು ಓಡುತ್ತೆ, ಕರು ತಲೆ ಹೊರಗೆ ಬರೋಕೆ ಮುಂಚೆ ಆದ್ರೆ ಹೆರಿಗೆನೇ ತಡೆದುಬಿಡುತ್ತೆ. ನನ್ನ ಮೊದಲ ಟ್ರಿಪ್ಪಲ್ಲಿ ಹೀಗೇ ಆಯ್ತು, ಆ ತಾಯಿ ಗೊರಸು ನೇತಾಡಿಸ್ಕೊಂಡು ಓಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಐವತ್ತು ಅರವತ್ತು ಮೀಟರ್ ದೂರದಲ್ಲೇ ಇಂಜಿನ್ ಆಫ್ ಮಾಡಿಸಿ, ತಾಯಿಗೂ ಹಿಂಡಿಗೂ ಮಧ್ಯ ಮಾತ್ರ ಗಾಡಿ ನಿಲ್ಲಿಸಲೇಬೇಡಿ. ಹೊರಡೋಕೆ ಮುಂಚೆನೇ ಡ್ರೈವರ್‌ಗೆ ಇದನ್ನ ಹೇಳಿಟ್ಟಿರಿ, ಸ್ವಾಹಿಲಿಲಿ ಪೋಲೆ ಪೋಲೆ ಅಂದ್ರೆ ನಿಧಾನ ನಿಧಾನ ಅಂತ.

ಕರು ನೆಲಕ್ಕೆ ಬಿದ್ದ ಮೇಲೆ ಜನ ಮುಗೀತು ಅಂತ ಹೊರಟುಬಿಡ್ತಾರೆ, ಅದು ಇನ್ನೂ ದೊಡ್ಡ ತಪ್ಪು. ತಾಯಿ ನೆಕ್ಕಿ ಮೂಸಿ ಕರುವಿನ ವಾಸನೆ ಹಿಡ್ಕೊಳ್ಳೋ ಹೊತ್ತು ಅದು, ಕರು ಕೆಲವೇ ನಿಮಿಷದಲ್ಲಿ ಎದ್ದುಬಿಡುತ್ತೆ, ಆದ್ರೆ ತಾಯಿ ಯಾರು ಅಂತ ಅದಕ್ಕೆ ಇನ್ನೂ ಗಟ್ಟಿಯಾಗಿರಲ್ಲ, ಆಗ ಪಕ್ಕದಲ್ಲಿ ಯಾವುದು ಚಲಿಸಿದ್ರೂ ಹಿಂದೆ ಹೋಗುತ್ತೆ, ಗಾಡಿ ಆದ್ರೂ ಸರಿ, ಕತ್ತೆಕಿರುಬ ಆದ್ರೂ ಸರಿ. ಕರು ಕೆಚ್ಚಲು ಹುಡುಕಿ ಹಾಲು ಕುಡಿದು ತಾಯಿ ಪಕ್ಕ ಓಡ್ತಾ ಹಿಂಡು ಸೇರೋವರೆಗೂ ಕೀಲಿ ಮುಟ್ಟಬೇಡಿ, ಒಂದು ಗಂಟೆ ಆದ್ರೂ ಆಗಲಿ. ಆಮೇಲೆ ಹಿಂಡು ಇಲ್ಲದ ಕಡೆಗೆ ನಿಧಾನ ಹೊರಡಿ, ಹಿಂದೆ ತಿರುಗಿ ನೋಡ್ತಾನೇ ಇರಿ, ಯಾವುದಾದ್ರೂ ಕರು ಬೆನ್ನು ಹತ್ತಿದ್ರೆ ಅಲ್ಲೇ ನಿಲ್ಲಿಸಿ ಮತ್ತೆ ಇಂಜಿನ್ ಆಫ್ ಮಾಡಿ.